ಮನೇಲೇ ಕ್ಲೇ ಬಾರ್ ಹಾಕ್ಬಹುದಾ? ಬಿಳಿ ಕಾರಿನ ಮೈಯೆಲ್ಲಾ ಕಂದು ಚುಕ್ಕೆ

ಬಿಳಿಕಾರು ಯಶವಂತಪುರ:
ಎಲ್ರಿಗೂ ನಮಸ್ಕಾರ. ನಮ್ಮನೆ ಯಶವಂತಪುರದಲ್ಲಿ ರೈಲ್ವೆ ಲೈನ್ ಪಕ್ಕಾನೇ, ಕಾರ್ ಮೂರು ವರ್ಷದಿಂದ ರೋಡಲ್ಲೇ ನಿಲ್ಸೋದು. ಹೋದ ಭಾನುವಾರ ತೊಳೆದು ಒರೆಸ್ತಾ ಇದ್ದಾಗ ನೋಡಿದ್ರೆ ಬಾನೆಟ್ಟು, ಡಿಕ್ಕಿ ಮೇಲೆಲ್ಲಾ ಸೂಜಿಮೊನೆಯಷ್ಟು ಕಂದು ಚುಕ್ಕೆ, ಶಾಂಪೂ ಹಾಕಿ ಎರಡು ಸಲ ಉಜ್ಜಿದ್ರೂ ಹೋಗ್ಲಿಲ್ಲ, ಕೈಯಾಡ್ಸಿದ್ರೆ ರವೆ ಚೆಲ್ಲಿದ ಹಾಗೆ ತರಿತರಿ. ಬಾಡಿ ತುಕ್ಕು ಹಿಡೀತಿದ್ಯಾ ಅಂತ ಭಯ ಆಗ್ತಿದೆ. ಫ್ರೆಂಡ್ ಕ್ಲೇ ಬಾರ್ ಉಜ್ಜು ಅಂದ, ಆದ್ರೆ ಜೇಡಿಮಣ್ಣಿನ ಥರ ಇರೋದನ್ನ ಪೇಂಟ್ ಮೇಲೆ ಉಜ್ಜೋಕೆ ಮನಸ್ಸೇ ಬರ್ತಿಲ್ಲ. ಮಾಡಿರೋರು ಹೇಳಿ.

ಮೈಸೂರು ಪಾಲಿಶ್:
ಭಯ ಬೇಡ ಸರ್, ಅದು ನಿಮ್ಮ ಕಾರಿನ ತುಕ್ಕಲ್ಲ. ರೈಲು ಬ್ರೇಕ್ ಹಾಕ್ದಾಗ ಚಕ್ರದಿಂದ, ಹಳಿಯಿಂದ ಕಬ್ಬಿಣದ ಸಣ್ಣ ಚೂರು ಬಿಸಿಬಿಸಿಯಾಗಿ ಹಾರಿ ಬರುತ್ತೆ, ಕ್ಲಿಯರ್ ಕೋಟಿಗೆ (ಬಣ್ಣದ ಮೇಲಿರೋ ಪಾರದರ್ಶಕ ಪದರ) ಕಚ್ಕೊಂಡು ಕೂತ್ಮೇಲೆ ಮಳೆ ಇಬ್ಬನಿಗೆ ಆ ಚೂರು ತುಕ್ಕು ಹಿಡಿಯುತ್ತೆ. ಬಿಳಿ ಬಣ್ಣದ ಮೇಲೆ ಎದ್ದು ಕಾಣೋದು ಅದೇ. ಕ್ಲೇ ಅಂದ್ರೆ ಹೆಸರಷ್ಟೇ ಮಣ್ಣು, ಈಗ ಬರೋದೆಲ್ಲಾ ಮೆತ್ತಗಿನ ಸಿಂಥೆಟಿಕ್ ಉಂಡೆ, ಒಳಗೆ ತುಂಬಾ ನಯವಾದ ಉಜ್ಜೋ ಪುಡಿ ಇರುತ್ತೆ. ಪೇಂಟಿನಿಂದ ಮೇಲಕ್ಕೆ ಎದ್ದಿರೋದನ್ನ ಹಿಡಿದು ಕೀಳುತ್ತೆ. ಗೀರು ತೆಗೆಯಲ್ಲ, ಹೊಳಪು ಕೊಡಲ್ಲ, ಅದನ್ನ ಕೇಳ್ಬೇಡಿ. ತೊಳೆದು ಒಣಗಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ನಿಧಾನಕ್ಕೆ ಸವರಿ, ಬರಿಗೈಗೆ ಗೊತ್ತಾಗದೇ ಇರೋ ತರಿಯೂ ಗೊತ್ತಾಗುತ್ತೆ.

ಕಪ್ಪುಬಣ್ಣ:
ಬೇಡ ಗುರು, ನನ್ ಅನುಭವ ಕೇಳು. ಕಪ್ಪು ಕಾರು, ಹೋದ ವರ್ಷ ವಿಡಿಯೋ ನೋಡ್ಕೊಂಡು ಮನೇಲೇ ಮಾಡ್ದೆ, ಸಂಜೆ ಕನ್ನಡಿ ಹಾಗಿತ್ತು, ಮಾರ್ನೇ ದಿನ ಪೆಟ್ರೋಲ್ ಬಂಕಲ್ಲಿ ಬಿಸಿಲಿಗೆ ನಿಲ್ಸಿದ್ರೆ ನಾಲ್ಕೂ ಡೋರ್ ಮೇಲೆ ಪಾತ್ರೆ ತಿಕ್ಕಿದ ಹಾಗೆ ಮಂಜು ಮಂಜು ಗೆರೆ. ಮಷೀನ್ ಪಾಲಿಶ್ ಮಾಡ್ಸಿದ್ಮೇಲೇ ಹೋಗಿದ್ದು. ಫ್ಯಾಕ್ಟರಿ ಕ್ಲಿಯರ್ ಕೋಟ್ ದಪ್ಪಾನೇ ಸುಮಾರು 40–50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಒಂದ್ಸಲ ಪಾಲಿಶ್ ಅಂದ್ರೆ ಅದ್ರಲ್ಲಿ ಸ್ವಲ್ಪ ಹೋಯ್ತು ಅಂತಾನೇ ಲೆಕ್ಕ.

ಮೈಸೂರು ಪಾಲಿಶ್:
ಕ್ಲೇ ಜಾರೋಕೆ ಲೂಬ್ರಿಕೆಂಟ್ ಏನ್ ಹಾಕಿದ್ರಿ? ಒಂದೇ ಉಂಡೇಲಿ ಇಡೀ ಕಾರ್ ಮಾಡಿದ್ರಾ?

ಕಪ್ಪುಬಣ್ಣ:
ಬರೀ ನೀರು ಸ್ಪ್ರೇ. ಹೌದು ಒಂದೇ ಉಂಡೆ, ಪ್ಯಾಕೆಟ್ಟಲ್ಲಿ ಬಂದಿದ್ದು ಒಂದೇ.

ತುಂಗಾತೀರ:
ಅಲ್ಲೇ ಎಡವಟ್ಟಾಗಿರೋದು ಸರ್. ಬರೀ ನೀರಿಗೆ ಜಾರಿಕೆ ಸಾಲಲ್ಲ. ನಾನು ಐದು ವರ್ಷದಿಂದ ನನ್ ಕಾರಿಗೆ ನಾನೇ ಹಾಕ್ತೀನಿ, ವರ್ಷಕ್ಕೆ ಒಂದೇ ಸಲ, ಮಳೆಗಾಲ ಶುರುವಾಗೋ ಮುಂಚೆ. ಉಂಡೇನ ಮೂರು ಭಾಗ ಮಾಡ್ಕೊಂಡು ಒಂದನ್ನ ಅಂಗೈಲಿ ಸಣ್ಣ ಪೂರಿಯಷ್ಟು ತಟ್ಕೋತೀನಿ, ಕಾರ್ ಶಾಂಪೂ ಕಲೆಸಿದ ನೀರು ಪೇಂಟಿಂದ ಇಳಿಯೋ ಹಾಗೆ ಸುರಿದು ಎರಡಡಿ ಜಾಗಕ್ಕೆ ಮಾತ್ರ ಆ ಕಡೆ ಈ ಕಡೆ ನೇರವಾಗಿ ಆಡಿಸ್ತೀನಿ, ಸುತ್ತ ಸುತ್ತ ತಿರುಗಿಸಲ್ಲ, ಒತ್ತೋದಂತೂ ಇಲ್ವೇ ಇಲ್ಲ. ಮೊದಲು ಪರಪರ ಅಂತ ಸದ್ದು ಬರುತ್ತೆ, ಬೆರಳಿಗೆ ಏನೋ ತಡೆದ ಹಾಗಾಗುತ್ತೆ, ಏಳೆಂಟು ಸಲ ಆದ್ಮೇಲೆ ಸದ್ದು ನಿಂತು ಎಣ್ಣೆ ಹಚ್ಚಿದ ತವಾ ಮೇಲೆ ಜಾರಿದ ಹಾಗೆ ಜಾರುತ್ತೆ. ಆಗ ನಿಲ್ಲಿಸ್ಬೇಕು. ಕ್ಲೇ ತಿರುಗಿಸಿ ನೋಡಿದ್ರೆ ಕಂದು ಕೊಳೆ ಕೂತಿರುತ್ತೆ, ಚಪಾತಿ ಹಿಟ್ಟಿನ ಹಾಗೆ ಮಡಚಿ ನಾದಿ ಹೊಸ ಮುಖ ಹೊರಗೆ ತರ್ಬೇಕು. ಕೆಳಗೆ ಬಿತ್ತಾ, ಬಿಸಾಕ್ಬೇಕು. ತೊಳೆದು ಮತ್ತೆ ಉಪಯೋಗಿಸೋ ಆಸೆ ಬೇಡವೇ ಬೇಡ, ಒಂದು ಮರಳಿನ ಕಾಳು ಒಳಗೆ ಉಳಿದ್ರೂ ಡೋರ್ ಉದ್ದಕ್ಕೆ ಗೀರು.

ಸಂಡೂರು ಹೈದ:
ನಮ್ ಕಡೆಯವರಿಗೆ ಒಂದ್ ಮಾತು ಸೇರಿಸ್ತೀನ್ರಿ. ಇಲ್ಲಿ ಅದಿರು ಲಾರಿ ಧೂಳು, ಬೆಳಗ್ಗೆ ತೊಳದ ಬಿಳಿ ಕಾರು ಸಂಜಿಗೆ ಕೆಂಪು. ನಮ್ ಓಣ್ಯಾಗ ಒಬ್ರು ಧೂಳು ಇದ್ದಂಗನ ಕ್ಲೇ ತಿಕ್ಕ್ಯಾರ, ಸ್ಯಾಂಡ್ ಪೇಪರ್ ಹಚ್ಚಿದಂಗ ಆಗೇತಿ. ಈ ಧೂಳು ಸುಮ್ನ ಮ್ಯಾಲ ಕುಂತಿರ್ತದ, ಕಚ್ಚಿಕೊಂಡಿರಂಗಿಲ್ಲ, ಜೋರಾಗಿ ನೀರು ಬಿಟ್ರ ಹೋಗ್ತದ. ಮೊದ್ಲು ಬರೇ ನೀರು, ಆಮ್ಯಾಲ ಶಾಂಪೂ, ಆಮ್ಯಾಲೂ ತರಿ ಇದ್ರ ಅಷ್ಟ ಕ್ಲೇ ಮುಟ್ರಿ. ತಿಂಗಳಿಗೊಮ್ಮೆ ಮಾಡೋದಂತೂ ಬ್ಯಾಡ್ರಿ.

ಕಪ್ಪುಬಣ್ಣ:
ಸರಿ, ನನ್ ತಪ್ಪು ಒಪ್ಕೋತೀನಿ. ಆದ್ರೂ ಕೇಳ್ತೀನಿ, ಇವರ ಚುಕ್ಕೆ ಬರೀ ಕಬ್ಬಿಣ ಆದ್ರೆ ಐರನ್ ರಿಮೂವರ್ (ಕಬ್ಬಿಣದ ಚೂರು ಕರಗಿಸೋ ಸ್ಪ್ರೇ) ಸಾಕಲ್ವಾ? ಉಜ್ಜೋದೇ ಬೇಕಾಗಿಲ್ಲ.

ಮೈಸೂರು ಪಾಲಿಶ್:
ಒಳ್ಳೆ ಪ್ರಶ್ನೆ, ಮೊದಲು ಅದೇ ಹಾಕ್ಬೇಕು. ನೆರಳಲ್ಲಿ, ಪೇಂಟ್ ತಣ್ಣಗಿರುವಾಗ ಸ್ಪ್ರೇ ಮಾಡಿ, ಕಬ್ಬಿಣ ಸಿಕ್ಕಿದ ಕಡೆಯೆಲ್ಲಾ ನೇರಳೆ ಬಣ್ಣಕ್ಕೆ ತಿರುಗಿ ಕೆಳಗಿಳಿಯುತ್ತೆ, ಕೊಳೆತ ಮೊಟ್ಟೆ ವಾಸನೆ ಬರುತ್ತೆ, ಗ್ಲೌಸ್ ಹಾಕ್ಕೊಳಿ. ಒಣಗೋಕೆ ಬಿಡದೆ ತೊಳೀರಿ. ಇದಾದ್ಮೇಲೆ ಕ್ಲೇ ಕೆಲಸ ಅರ್ಧಕ್ಕರ್ಧ ಕಮ್ಮಿ. ಆದ್ರೆ ಡಾಂಬರು, ಪಕ್ಕದ ಗೇಟಿಗೆ ಪೇಂಟ್ ಹೊಡೆದಾಗ ಹಾರಿದ ಹನಿ, ಮರದ ಅಂಟು ಇವು ಕಬ್ಬಿಣ ಅಲ್ಲ, ಇದಕ್ಕೆ ಬಗ್ಗಲ್ಲ. ಅಲ್ಲಿ ಕ್ಲೇ ಬೇಕು. ಗಟ್ಟಿ ಡಾಂಬರನ್ನ ಮಾತ್ರ ಟಾರ್ ರಿಮೂವರಲ್ಲಿ ಮೊದಲೇ ತೆಗೀರಿ, ಇಲ್ಲಾಂದ್ರೆ ಕ್ಲೇ ಹಾಳು. ಮ್ಯಾಟ್ ಪೇಂಟ್, ಅಂದ್ರೆ ಹೊಳಪಿಲ್ಲದ ಪೇಂಟ್ ಇರೋರು ಈ ಕಡೆ ತಲೆನೇ ಹಾಕ್ಬೇಡಿ.

ಕುಡ್ಲದ ಡ್ರೈವರ್:
ನನ್ನ ಕಾರಿಗೆ ಬಾವಿ ನೀರಿನ ಬಿಳಿ ಕಲೆ ಉಂಟು ಮಾರಾಯ್ರೆ, ಕ್ಲೇ ಹಾಕಿದ್ರೂ ಹೋಗ್ಲಿಲ್ಲ.

ತುಂಗಾತೀರ:
ಹೋಗಲ್ಲ, ಅದು ಖನಿಜದ ಕಲೆ. ಹೊಸದಾದ್ರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರ್ಸಿ ಬಟ್ಟೆ ಅದ್ದಿ ಒಂದು ನಿಮಿಷ ಇಟ್ಟು ಚೆನ್ನಾಗಿ ತೊಳೀರಿ. ಕ್ಲಿಯರ್ ಕೋಟ್ ತಿಂದು ಗುಳಿ ಬಿದ್ದಿದ್ರೆ ಪಾಲಿಶ್ ಒಂದೇ ದಾರಿ.

ಬಿಳಿಕಾರು ಯಶವಂತಪುರ:
ಇನ್ನೊಂದು ತೊಂದ್ರೆ, ನೀರು. 2024ರ ಮಾರ್ಚಲ್ಲಿ ಜಲಮಂಡಳಿ ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದಾಗಿಂದ ನಮ್ಮ ಬೀದೀಲಿ ಯಾರೂ ಪೈಪ್ ಹಿಡಿಯಲ್ಲ, ನನಗೂ ಅದು ಸರಿ ಅನ್ಸುತ್ತೆ. ಮಳೆ ನೀರು ಹಿಡಿದಿಟ್ಟಿರೋ ಡ್ರಮ್ ಇದೆ, ಸಾಕಾಗುತ್ತಾ?

ತುಂಗಾತೀರ:
ಧಾರಾಳ. ಮಳೆ ನೀರು ಇನ್ನೂ ಒಳ್ಳೇದು, ಕಲೆ ಕೂರಲ್ಲ. ಒಂದೇ ದಿನ ಇಡೀ ಕಾರ್ ಮಾಡ್ಬೇಕು ಅಂತೇನಿಲ್ಲ, ಇವತ್ತು ಬಾನೆಟ್, ಮುಂದಿನ ವಾರ ರೂಫ್. ಆದ್ರೆ ಎಲ್ಲಿ ಕ್ಲೇ ಹಾಕ್ತೀರೋ ಅಲ್ಲಿ ಹಳೇ ವ್ಯಾಕ್ಸ್ ಹೋಗಿರುತ್ತೆ, ಅವತ್ತೇ ಹೊಸ ವ್ಯಾಕ್ಸ್ ಹಾಕಿ. ಬರಿಮೈ ಬಿಟ್ರೆ ರೈಲಿನ ಪುಡಿ ಇನ್ನೂ ಬೇಗ ಕಚ್ಚುತ್ತೆ.

ಬಿಳಿಕಾರು ಯಶವಂತಪುರ:
ಇವತ್ತು ಬಾನೆಟ್ ಅರ್ಧ ಮಾತ್ರ ಮಾಡ್ದೆ. ರಿಮೂವರ್ ಹೊಡೆದು ಎರಡು ನಿಮಿಷಕ್ಕೆ ನೇರಳೆ ನೀರು ನಂಬರ್ ಪ್ಲೇಟ್ ಮೇಲೆಲ್ಲಾ ಇಳೀತು, ನೋಡಿ ಮನೆಯವರಿಗೂ ಆಶ್ಚರ್ಯ. ಉಳಿದ ಚುಕ್ಕೆಗೆ ಫೈನ್ ಕ್ಲೇ ಹಾಕ್ದೆ. ಈಗ ಕವರ್ ಹಾಕಿ ಸವರಿದ್ರೆ ಎಡಗಡೆ ಗಾಜು, ಬಲಗಡೆ ರವೆ. ಮಧ್ಯಾಹ್ನದ ಬಿಸಿಲಲ್ಲೂ ನೋಡ್ದೆ, ಒಂದು ಗೆರೆನೂ ಕಾಣ್ತಿಲ್ಲ.

ಕಪ್ಪುಬಣ್ಣ:
ಖುಷಿಯಾಯ್ತು. ಆದ್ರೆ ಬಿಳಿ ಬಣ್ಣದಲ್ಲಿ ಸಣ್ಣ ಗೆರೆ ಹೇಗೂ ಕಾಣಲ್ಲ, ಕಪ್ಪು, ಕಡು ನೀಲಿ ಕಾರಿನವರು ಇದನ್ನ ಓದಿ ಸೀದಾ ಶುರು ಹಚ್ಕೋಬೇಡಿ. ಮೊದಲು ಡೋರಿನ ಕೆಳಗಡೆ ಅಂಗೈಯಷ್ಟು ಜಾಗ ಮಾಡಿ, ಬಿಸಿಲಿಗೆ ತಂದು ನೋಡಿ.

ಮೈಸೂರು ಪಾಲಿಶ್:
ಇದನ್ನ ನಾನೂ ಒಪ್ತೀನಿ. ನನ್ ಹತ್ರ ಬರೋ ಕಪ್ಪು ಕಾರಿಗೆ ಪಾಲಿಶ್ ಮಾಡೋದು ಗ್ಯಾರಂಟಿ ಇದ್ರೆ ಮಾತ್ರ ಕ್ಲೇ ಮುಟ್ಟೋದು.

ಬಿಳಿಕಾರು ಯಶವಂತಪುರ:
ಬಲಗಡೆ ಅರ್ಧ ಬರೋ ಭಾನುವಾರ. ಎಡಗಡೆಗೆ ವ್ಯಾಕ್ಸ್ ಈಗಷ್ಟೇ ಹಾಕಿ ಬಂದೆ.