ಸಹಾಯ ಬೇಕು: ಗಾಳಿಯ ತಡೆ ಸೇರಿಸಿದಾಗ ಶಟಲ್‌ಕಾಕ್ ಬೀಳುವ ಕೋನ ಹುಡುಕೋದು ಹೇಗೆ?

ಶಟಲ್‌ಕಾಕ್ ಲೆಕ್ಕ. ಅಂತಿಮ ವೇಗ (ಬೀಳುವಾಗ ತಡೆ ತೂಕಕ್ಕೆ ಸಮನಾಗಿ ಇನ್ನು ಹೆಚ್ಚದ ವೇಗ) ಸೆಕೆಂಡಿಗೆ 6.8 ಮೀಟರ್, ಹೊಡೆದ ವೇಗ 50, ಕೋನ 45 ಡಿಗ್ರಿ. ತಡೆ ವೇಗದ ವರ್ಗಕ್ಕೆ ತಕ್ಕಂತೆ. (ಅಡ್ಡ, ಲಂಬ ವೇಗಗಳನ್ನು ಬೇರೆಬೇರೆ ವರ್ಗ ಮಾಡೋ ಮಾಮೂಲಿ ತಪ್ಪು ಇಲ್ಲಿಲ್ಲ.)

ಸಮಯದ ಬದಲು ಪಥದ ಇಳಿಜಾರು 'ಪಿ'ಯನ್ನೇ (ಲಂಬ ವೇಗ ÷ ಅಡ್ಡ ವೇಗ) ಚರ ಮಾಡಿಕೊಂಡರೆ ಅಡ್ಡ ವೇಗ 'ಯು'ಗೆ ನೇರ ಸೂತ್ರ ಸಿಗುತ್ತೆ. ಎತ್ತರ ಮಾತ್ರ ಪಿ × ಯು² ಇದರ ಅನುಕಲದಿಂದ (ಇಂಟಿಗ್ರಲ್) ಬರುತ್ತೆ. ಅದಕ್ಕೆ ಸಿಂಪ್ಸನ್ ನಿಯಮ (ಅನುಕಲವನ್ನು ಅಂಕಿಗಳಲ್ಲಿ ಅಂದಾಜಿಸುವ ರೀತಿ) ಹಾಕಿದೆ. ಇಲ್ಲಿವರೆಗೆ ಸರಿ.

ತೊಡಕು ಎತ್ತರ ಮತ್ತೆ ಸೊನ್ನೆಯಾಗುವ, ಅಂದರೆ ಶಟಲ್‌ಕಾಕ್ ಬೀಳುವ ಜಾಗದ ಪಿ ಹುಡುಕೋದರಲ್ಲಿ. ನ್ಯೂಟನ್ ವಿಧಾನ (ಸ್ಪರ್ಶರೇಖೆ ಹಿಡಿದು ಉತ್ತರದತ್ತ ನೆಗೆಯೋದು) −1ರಿಂದ ಶುರು ಮಾಡಿದರೆ −7ರ ಹತ್ತಿರ ನಿಲ್ಲುತ್ತೆ. −30ರಿಂದ ಶುರು ಮಾಡಿದರೆ ಒಂದೇ ನೆಗೆತಕ್ಕೆ +1 ದಾಟಿ ಯು² ಋಣವಾಗಿ ಲೆಕ್ಕ ಕೆಡುತ್ತೆ. ಇಳಿಯುವಾಗ ಎತ್ತರ ಲಾಗರಿದಮ್ ಥರ ನಿಧಾನಕ್ಕೆ ಬದಲಾಗೋದೇ ಕಾರಣ. ಅದರ ಬದಲು ಅರ್ಧಿಸುವ ವಿಧಾನ (ಉತ್ತರ ಇರುವ ವ್ಯಾಪ್ತಿಯನ್ನು ಅರ್ಧರ್ಧ ಮಾಡುತ್ತಾ ಹೋಗೋದು) ಬಳಸಬೇಕೆಂದರೆ ಅದರ ಒಂದು ತುದಿ ಗೊತ್ತು: ಹೊರಟ ಇಳಿಜಾರಿನ ಋಣ ಬೆಲೆ.

ಇನ್ನೊಂದು ತುದಿಯನ್ನು ಹೊರಟ ವೇಗ, ಕೋನ, ಅಂತಿಮ ವೇಗ ಇವುಗಳಿಂದಲೇ ಖಚಿತವಾಗಿ ಕಟ್ಟಿಕೊಡುವ ಸೂತ್ರ ಇದೆಯಾ?