ಅಪ್ಪನ ಜೊತೆ ಬೈಕಿನಲ್ಲಿ ಸಂಡೂರಿನ ಗುಡ್ಡಕ್ಕೆ: ಹೋಗಿಬಂದವರು ಹೇಳಿದ್ದು

ಬಳ್ಳಾರಿಯಿಂದ ಕೇಳಿದ್ದು:
ಯುಗಾದಿ ಮುಗಿದ ವಾರ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗಬೇಕು ಅಂತಿದ್ದೇನೆ. ಗಾಡಿ ಹಳೇ ಸ್ಪ್ಲೆಂಡರ್. ಗುಡ್ಡದ ತಿರುವುಗಳಲ್ಲಿ ಓಡಿಸಿ ರೂಢಿಯಿಲ್ಲ. ಅಪ್ಪನಿಗೆ 64 ವರ್ಷ. ಹೋಗಬಹುದಾ?

ಸಂಡೂರಿನಿಂದ:
ಧೈರ್ಯವಾಗಿ ಹೋಗು ತಮ್ಮ. ಹದಿನೈದು ವರ್ಷದಿಂದ ಆ ದಾರಿಯಲ್ಲಿ ಓಡಾಡುತ್ತಿದ್ದೇನೆ. 100 ಸಿಸಿ ಗಾಡಿ ಇಬ್ಬರನ್ನೂ ಹತ್ತಿಸುತ್ತೆ. ಏರಿನಲ್ಲಿ ಗಾಡಿ ಏದುಸಿರು ಬಿಡುವವರೆಗೂ ಕಾಯಬೇಡ, ಮೊದಲೇ ಎರಡನೇ ಗೇರಿಗೆ ಬಾ.

ಹೆದರಬೇಕಾದ್ದು ಏರಿಗಲ್ಲ, ಮಣ್ಣಿಗೆ. ಅದಿರಿನ ಲಾರಿಗಳು ಹೋದ ಕಡೆಯೆಲ್ಲ ಕೆಂಪು ಪುಡಿ, ಸಣ್ಣ ಕಲ್ಲು ಬಿದ್ದಿರುತ್ತೆ. ತಿರುವಿನ ಅಂಚಿನಲ್ಲಿ ಅದು ಜಾಸ್ತಿ. ಒಣ ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ, ಚಕ್ರ ಹಿಡಿತ ಬಿಡುತ್ತೆ. ಧೂಳು ಏಳದಿರಲಿ ಅಂತ ಟ್ಯಾಂಕರಿನಿಂದ ನೀರು ಹೊಡೆದಿದ್ದರಂತೂ ಇನ್ನೂ ಕಷ್ಟ. ಒಂದು ಸಲ ಹಾಗೇ ನೀರು ಬಿದ್ದ ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದುಬಿಟ್ಟೆ. ಗಾಡಿ ಮಲಗಿಬಿಟ್ಟಿತು. ಮೊಣಕಾಲಿನ ಚರ್ಮ ಕಿತ್ತುಬಂತು. ಅಂಗಿಗೆ ಹತ್ತಿದ ಕೆಂಪು ಬಣ್ಣ ಎಷ್ಟು ಒಗೆದರೂ ಹೋಗಲಿಲ್ಲ. ಅದಕ್ಕೇ ಹೇಳೋದು, ಬ್ರೇಕ್ ಹಿಡಿಯೋದಿದ್ದರೆ ತಿರುವಿಗೆ ಮೊದಲು, ಗಾಡಿ ನೆಟ್ಟಗಿದ್ದಾಗಲೇ ಹಿಡಿ. ವಾಲಿಸಿದ ಮೇಲೆ ಬೇಡ.

ಇಳಿಯುವಾಗ ಪೆಟ್ರೋಲ್ ಉಳಿಸೋಣ ಅಂತ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡ. ಬರೀ ಬ್ರೇಕಿನ ಮೇಲೆ ಇಳಿದರೆ ಡ್ರಮ್ ಕಾಯುತ್ತೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯೋಲ್ಲ. ಹತ್ತಿದ ಗೇರಿನಲ್ಲೇ ಇಳಿ, ಎಂಜಿನ್ನೇ ಗಾಡಿಯನ್ನು ತಡೆಯುತ್ತೆ. ದಾರಿ ಕಿರಿದಾದ ಕಡೆ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು. ಅದು ನಿಯಮವೂ ಹೌದು.

ಬಳ್ಳಾರಿಯನ್ನು ಐದು ಗಂಟೆಗೇ ಬಿಡು. ತೋರಣಗಲ್ಲು ದಾಟುವಷ್ಟರಲ್ಲಿ ಬೆಳಕಾಗುತ್ತೆ. ಸಂಡೂರಿನಲ್ಲೇ ಟ್ಯಾಂಕ್ ತುಂಬಿಸಿಕೋ, ಒಗ್ಗರಣಿ ಮಿರ್ಚಿ ತಿಂದು ಮೇಲೆ ಹತ್ತು. ಸಂಡೂರನ್ನು ಮಳೆ ಮುಗಿಯುವಾಗಲೇ ನೋಡಬೇಕು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನನಗೆ ಚೈತ್ರವೇ ಇಷ್ಟ. ಗುಡ್ಡ ಒಣಗಿ ಕಂದಾಗಿರುತ್ತೆ, ನಡುವೆ ಹೊಂಗೆ ಮಾತ್ರ ಎಳೇ ಹಸಿರು. ಕೊನೆಕೊನೆಯ ಮುತ್ತುಗದ ಹೂವು ದಾರಿಯ ಮೇಲೆ ಬಿದ್ದಿರುತ್ತೆ. ಒಂದನ್ನು ಎತ್ತಿ ನೋಡು, ಥೇಟ್ ಗಿಳಿಯ ಕೊಕ್ಕು. ಬಿಸಿಲೇರುವ ಮೊದಲು ಗುಡಿ ತಲುಪಿದರೆ ಆ ಕಲ್ಲಿನ ತಂಪಿನಲ್ಲಿ ಅಪ್ಪ ಆರಾಮಾಗಿ ಕೂರಬಹುದು.

ಹೊಸಪೇಟೆಯಿಂದ, ಹಿಂದೆ ಕೂತು ಹೋಗಿದ್ದವರು:
ನಿಮ್ಮ ಅಪ್ಪನ ವಯಸ್ಸೇ ನನ್ನದೂ. ನನ್ನ ಮಗ ರಾಮನದುರ್ಗಕ್ಕೆ ಕರೆದುಕೊಂಡು ಹೋಗಿದ್ದ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ದಂಡಿನ ಸೈನಿಕರು ಆರೋಗ್ಯ ಸುಧಾರಿಸಿಕೊಳ್ಳಲು ಹೋಗುತ್ತಿದ್ದ ಜಾಗ ಅದು, ಸುಮಾರು 3,200 ಅಡಿ ಎತ್ತರ. ಮೊದಲ ನಾಲ್ಕೈದು ತಿರುವಿನಲ್ಲಿ ಅವನು ಎಡಕ್ಕೆ ವಾಲಿದರೆ ನಾನು ಹೆದರಿ ಬಲಕ್ಕೆ ವಾಲುತ್ತಿದ್ದೆ. ಗಾಡಿ ತಿರುವಿನ ಹೊರಗಡೆಗೆ ಸರಿದುಬಿಡುತ್ತಿತ್ತು. ಕೊನೆಗೆ ಅವನು ನಿಲ್ಲಿಸಿ, "ಅಪ್ಪಾ, ನನ್ನ ಭುಜದ ಮೇಲಿಂದ ತಿರುವಿನ ಒಳಗಡೆ ನೋಡು, ಸಾಕು" ಅಂದ. ಆಮೇಲೆ ಸರಿಹೋಯಿತು. ಇದನ್ನು ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ. ಅರ್ಧ ಗಂಟೆಗೊಮ್ಮೆ ಇಳಿಸಿ. ಕಾಲು ಮರಗಟ್ಟಿದರೂ ನಾವು ಬಾಯಿಬಿಟ್ಟು ಹೇಳೋದಿಲ್ಲ.

ತೋರಣಗಲ್ಲಿನಿಂದ, ಗ್ಯಾರೇಜಿನವರು:
ಹಳೇ ಗಾಡಿ ಅಂದಿರಲ್ಲ, ಹೋಗುವ ಎರಡು ದಿನ ಮುಂಚೆ ಬ್ರೇಕ್ ಶೂ ಬಿಚ್ಚಿಸಿ ನೋಡಿ. ಹಿಂದೆ ಜನ ಕೂರುವಾಗ ಹಿಂದಿನ ಟೈರಿಗೆ ಗಾಳಿ ಸ್ವಲ್ಪ ಜಾಸ್ತಿ ಬೇಕು. ಎಷ್ಟು ಅನ್ನೋದು ಗಾಡಿಯ ಪುಸ್ತಕದಲ್ಲಿರುತ್ತೆ. ಅಪ್ಪನಿಗೂ ಹೆಲ್ಮೆಟ್.

ಬಳ್ಳಾರಿಯಿಂದ, ಕೇಳಿದವರು:
ಶೂ ಸವೆದೇ ಹೋಗಿತ್ತು ಅಣ್ಣ, ಇವತ್ತೇ ಹೊಸದು ಹಾಕಿಸಿದೆ. ಅಪ್ಪನಿಗೆ ಭುಜದ ಮೇಲಿಂದ ನೋಡುವ ವಿಷಯ ಹೇಳಿದೆ. ಹೆಲ್ಮೆಟ್ ಹಾಕಿಕೊಂಡು ಅಂಗಳದಲ್ಲಿ ನಿಂತ ಗಾಡಿ ಮೇಲೆ ಕೂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ರೂಢಿ ಮಾಡಿಕೊಳ್ಳುತ್ತಿದ್ದಾರೆ.