ಲಿವಿಂಗ್ ವಿಲ್‌ಗೆ ಮ್ಯಾಜಿಸ್ಟ್ರೇಟ್ ಸಹಿ ಬೇಕೇ?

ಪ್ರಶ್ನೆ: ಚೇತರಿಕೆಯ ಆಸೆಯೇ ಇಲ್ಲದಾಗ ವೆಂಟಿಲೇಟರ್ ಬೇಡ ಎಂದು ಮೊದಲೇ ಬರೆದಿಡುವ ಪತ್ರಕ್ಕೆ, ಅಂದರೆ ಲಿವಿಂಗ್ ವಿಲ್‌ಗೆ, ಕೋರ್ಟಿಗೆ ಹೋಗಬೇಕೇ? ಕೊನೆಗೆ ತೀರ್ಮಾನ ಯಾರದು?

ಉತ್ತರ 1: ಹೋಗಬೇಕಿಲ್ಲ. ಲಿವಿಂಗ್ ವಿಲ್ ಒಪ್ಪಿದ 2018ರ ತೀರ್ಪಿನಲ್ಲಿದ್ದ ಮ್ಯಾಜಿಸ್ಟ್ರೇಟ್ ಸಹಿಯ ಷರತ್ತನ್ನು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ತೆಗೆಯಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಿಮ್ಮ ಪರವಾಗಿ ಮಾತಾಡುವವರ ಹೆಸರು ಬರೆಯಿರಿ. ಒಬ್ಬರಿಗಿಂತ ಹೆಚ್ಚಿದ್ದರೆ ಒಳ್ಳೆಯದು. "ಅನಗತ್ಯ ಚಿಕಿತ್ಸೆ ಬೇಡ" ಎಂದಷ್ಟೇ ಬರೆದರೆ ವೈದ್ಯರ ಕೈ ಕಟ್ಟಿದಂತೆ. ಯಾವುದು ಅನಗತ್ಯ? ವೆಂಟಿಲೇಟರ್, ಡಯಾಲಿಸಿಸ್, ಸಿಪಿಆರ್ (ನಿಂತ ಹೃದಯಕ್ಕೆ ಎದೆ ಒತ್ತುವುದು) ಎಂದು ಹೆಸರಿಸಿ, ಯಾವ ಸ್ಥಿತಿಯಲ್ಲಿ ಬೇಡ ಎಂಬುದನ್ನೂ ಬಿಡಿಸಿ ಬರೆಯಿರಿ. ಲಾಕರಿನಲ್ಲಿಟ್ಟರೆ ಐಸಿಯು ಬಾಗಿಲಲ್ಲಿ ಯಾರಿಗೂ ಸಿಗದು, ಮನೆಯವರಿಗೂ ವೈದ್ಯರಿಗೂ ಪ್ರತಿ ಕೊಡಿ.

ಉತ್ತರ 2: ತೀರ್ಮಾನ ಒಬ್ಬರದಲ್ಲ, ಎರಡು ವೈದ್ಯ ಮಂಡಳಿಗಳದು. ಚಿಕಿತ್ಸೆ ಕೊಡುವ ವೈದ್ಯರು, ಜೊತೆಗೆ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು ಮೊದಲ ಮಂಡಳಿ. ಅದರಲ್ಲಿಲ್ಲದ ಮೂವರು ಎರಡನೆಯದು. ಅವರಲ್ಲೊಬ್ಬರನ್ನು ಜಿಲ್ಲೆಯ ಆರೋಗ್ಯಾಧಿಕಾರಿ ಹೆಸರಿಸುತ್ತಾರೆ. ಎರಡಕ್ಕೂ ಆದಷ್ಟು 48 ಗಂಟೆಯೊಳಗೆ ಎಂಬ ಮಿತಿ. ಚಿಕಿತ್ಸೆ ನಿಲ್ಲಿಸುವ ಮೊದಲು ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಹೋಗಬೇಕು. ಕರ್ನಾಟಕ 2025ರ ಜನವರಿಯಲ್ಲಿ ಈ ಇಡೀ ಕ್ರಮಕ್ಕೆ ಆದೇಶ ಹೊರಡಿಸಿದೆ.

ಉತ್ತರ 3: ಸಾಯಿಸುವ ಇಂಜೆಕ್ಷನ್ನೇ ಬೇರೆ, ಅದು ಭಾರತದಲ್ಲಿ ಅಪರಾಧ. ಇಲ್ಲಿ ನಿಲ್ಲುವುದು ಫಲವಿಲ್ಲದ ಚಿಕಿತ್ಸೆ ಮಾತ್ರ. ನೋವಿಗೆ, ಉಸಿರಿನ ಸಂಕಟಕ್ಕೆ ಔಷಧ ಮುಂದುವರಿಯಲೇಬೇಕು. ಬಿಲ್ಲಿನ ಭಯಕ್ಕೆ ಮನೆಯವರು ಒತ್ತಾಯಿಸುತ್ತಿದ್ದಾರೆಯೇ ಎಂದು ಮಂಡಳಿ ಕೇಳದಿದ್ದರೆ ಅದು ಇದ್ದೂ ಇಲ್ಲದಂತೆ.